ಕೃಪೆ, ವಿಧೇಯತೆ: ಆರು ಭಾನುವಾರದ ಪ್ರಸಂಗ ಹೇಗೆ ಜೋಡಿಸಬೇಕು?

ಪ್ರಶ್ನೆ (ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನ, ಅಂದರೆ ವಲಸಿಗರ ಊರಿನ, ಕ್ರೈಸ್ತ ಸಭೆಯಿಂದ)

ಎಲ್ಲರಿಗೂ ವಂದನೆಗಳು. ಎಪ್ಪತ್ತು ಜನರ ಸಭೆ, ಅರ್ಧಕ್ಕರ್ಧ ತೆಲುಗಿನವರು, ಹಾಗಾಗಿ ಪ್ರಸಂಗಕ್ಕೆ ಅನುವಾದ ಇದ್ದೇ ಇರುತ್ತದೆ. ಮೊದಲ ಮೂರು ವಾರ ಕೃಪೆ (ದೇವರು ಉಚಿತವಾಗಿ ಮಾಡಿದ್ದು), ಆಮೇಲೆ ಮೂರು ವಾರ ವಿಧೇಯತೆ (ನಾವು ನಡೆದುಕೊಳ್ಳಬೇಕಾದ್ದು) ಅಂದುಕೊಂಡಿದ್ದೇನೆ. ಕೃಪೆ ಜಾಸ್ತಿಯಾದರೆ ಜನ ಸಡಿಲಾಗುತ್ತಾರೆ, ವಿಧೇಯತೆ ಜಾಸ್ತಿಯಾದರೆ ಬೈಸಿಕೊಂಡವರ ಹಾಗೆ ಎದ್ದು ಹೋಗುತ್ತಾರೆ. ತಿಳಿದವರು ದಾರಿ ಹೇಳಿ.

ಕೊಪ್ಪಳದಿಂದ

ಮೂರು-ಮೂರು ಅಂತ ಪಾಲು ಮಾಡುವುದೇ ತಪ್ಪು ಬ್ರದರ್. ಗುಳೆ ಹೋಗುವವರಿಗೆ ಆರು ವಾರದಲ್ಲಿ ಎರಡು ಸಿಕ್ಕರೆ ಹೆಚ್ಚು. ಮೊದಲೆರಡು ಕೇಳಿ ಬೆಂಗಳೂರು ಬಸ್ ಹತ್ತಿದವರಿಗೆ ಕೃಪೆ ಅಂದರೆ ರಜೆ. ಕೊನೆಯೆರಡಕ್ಕೆ ಬಂದವರಿಗೆ ದೇವರು ಅಂದರೆ ಮೇಸ್ತ್ರಿ. ಎರಡೂ ಒಂದೇ ಪ್ರಸಂಗದಲ್ಲಿರಲಿ. ಎಷ್ಟೆಷ್ಟು ಅನ್ನುವುದಕ್ಕಿಂತ ಯಾವುದು ಮೊದಲು ಅನ್ನುವುದು ಮುಖ್ಯ.

ವಿಮೋಚನಕಾಂಡ 20 ನೋಡಿ. ಮೊದಲ ಅಪ್ಪಣೆ ಬರುವುದು 3ನೇ ವಚನದಲ್ಲಿ; ಐಗುಪ್ತದಿಂದ ಬಿಡಿಸಿ ತಂದವನು ನಾನು ಎಂಬ ಮಾತು 2ನೇ ವಚನದಲ್ಲೇ ಬಂದಾಗಿದೆ. ಜನ ಹೊರಟು ಬಂದು ಮೂರನೇ ತಿಂಗಳು ಅದು (19:1). ಎಫೆಸದ ಪತ್ರವೂ ಹಾಗೇ: ಮೊದಲ ಮೂರು ಅಧ್ಯಾಯದಲ್ಲಿ ಮೂಲ ಗ್ರೀಕಿನ ಅಪ್ಪಣೆಯ ಕ್ರಿಯಾಪದ ಒಂದೇ ಒಂದು, 2:11ರ ‘ನೆನಪುಮಾಡಿಕೊಳ್ಳಿರಿ’. ಉಳಿದ ಅಪ್ಪಣೆಗಳೆಲ್ಲ 4:1ರಿಂದ ಈಚೆಗೆ. ಅಂದ ಹಾಗೆ ಕೃಪೆಯಿಂದಲೇ ರಕ್ಷಣೆ ಅನ್ನುವ 2:8, 9 ಎಲ್ಲರಿಗೂ ಬಾಯಿಪಾಠ, ಸತ್ಕ್ರಿಯೆಯ ಮಾತಿರುವ 10 ಯಾರಿಗೂ ಬರುವುದಿಲ್ಲ. ಮೂರನ್ನೂ ಒಂದೇ ಉಸಿರಲ್ಲಿ ಓದಿಸಿ.

ವಾರಗಳಿಗೆ ಹೀಗೆ ಹಿಡಿಯಬಹುದು: ವಿಮೋಚನಕಾಂಡ 20:1-17, ಲೂಕ 19:1-10, ಮತ್ತಾಯ 18:21-35, ಎಫೆಸ 2:1-10, ತೀತ 2:11-14, ಯಾಕೋಬ 2:14-26. ಸುಂಕದವನಾದ ಜಕ್ಕಾಯನ ವಾರ (ಲೂಕ 19) ಒಂದು ಎಚ್ಚರಿಕೆ. ಅರ್ಧ ಆಸ್ತಿ ಕೊಟ್ಟದ್ದಕ್ಕೆ ರಕ್ಷಣೆ ಸಿಕ್ಕಿತು ಅಂತ ಜನ ಕೇಳಿಸಿಕೊಳ್ಳುತ್ತಾರೆ. ಯೇಸು ಅವನ ಮನೆಗೆ ಬರುತ್ತೇನೆ ಅಂದದ್ದು 5ನೇ ವಚನ, ಅವನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದದ್ದು 8ನೇ ವಚನ. ಬೆರಳಿಟ್ಟು ತೋರಿಸಿ.

ಅನುವಾದ ಇದ್ದರೆ ನಲವತ್ತು ನಿಮಿಷದಲ್ಲಿ ನಿಮ್ಮ ಪಾಲು ಇಪ್ಪತ್ತೇ. ಓದುವುದಕ್ಕೆ ಮೂರು, ದೇವರು ಮಾಡಿದ್ದಕ್ಕೆ ಒಂಬತ್ತು, ನಾವು ಮಾಡಬೇಕಾದ್ದಕ್ಕೆ ಆರು, ಮತ್ತೆ ಕೃಪೆಗೆ ಮರಳುವುದಕ್ಕೆ ಎರಡು. ಕೊನೆಯ ಎರಡನ್ನು ಬಿಟ್ಟರೆ ಜನ ಕೈಯಲ್ಲಿ ಪಟ್ಟಿ ಹಿಡಿದು ಮನೆಗೆ ಹೋಗುತ್ತಾರೆ.

ಮಾನ್ವಿಯಿಂದ

ಅಯ್ಯನವರೇ, ಗಂಟಿರುವುದು ಪದಗಳಲ್ಲಿ. ಕೃಪೆ ಅಂದ ತಕ್ಷಣ ಶಾಲೆಗೆ ಹೋದವರ ತಲೆಗೆ ಬರುವುದು ಕೃಪಾಂಕ: ನಾವು ಬರೆದದ್ದು ಬರೆದೆವು, ಪಾಸಾಗಲು ಕಡಿಮೆ ಬಿದ್ದ ಎರಡು ಮೂರು ಅಂಕ ದೇವರು ಸೇರಿಸುತ್ತಾನೆ. ಎಫೆಸ 2:1 ಹೇಳುವುದು ನೀವು ಸತ್ತಿದ್ದಿರಿ ಅಂತ. ಸತ್ತವನು ಪರೀಕ್ಷೆಗೇ ಕೂತಿಲ್ಲ, ಕೃಪಾಂಕ ಎಲ್ಲಿಂದ ಬಂತು? ಮೊದಲ ವಾರವೇ ಈ ಗಂಟು ಬಿಡಿಸಿ. ಇನ್ನೊಂದು ಕಡೆ ಹರಕೆಯ ಲೆಕ್ಕ ಇರುತ್ತದೆ: ಕೆಲಸ ಆಯಿತು, ಕಾಣಿಕೆ ಹಾಕಿದೆ, ಬಾಕಿ ಚುಕ್ತಾ. ವಿಧೇಯತೆಯನ್ನು ‘ಋಣ ತೀರಿಸುವುದು’ ಅಂದರೆ ಆ ಲೆಕ್ಕವೇ ಗಟ್ಟಿಯಾಗುತ್ತದೆ, ಆ ಮಾತು ಬೇಡ. ಕಥೋಲಿಕ ಹಿನ್ನೆಲೆಯವರು ಬಂದಿದ್ದರೆ ವರಪ್ರಸಾದ ಎಂಬ ಪದವನ್ನೂ ಒಮ್ಮೆ ಹೇಳಿ, ಅವರ ಕಿವಿಗೆ ಅದು ಹತ್ತಿರ.

‘ವಿಧೇಯತೆ’ ಪುಸ್ತಕದ ಪದ. ಅವ್ವ ಮಗನಿಗೆ ‘ಹೇಳಿದ ಮಾತು ಕೇಳು’ ಅನ್ನುತ್ತಾಳಲ್ಲ, ಆ ಕೇಳು ಬಳಸಿ. ಹೀಬ್ರೂವಿನ ಶಮಾ ಕೂಡ ಹಾಗೇ, ಕಿವಿಗೊಡುವುದಕ್ಕೂ ನಡೆದುಕೊಳ್ಳುವುದಕ್ಕೂ ಒಂದೇ ಪದ. ಧರ್ಮೋಪದೇಶಕಾಂಡ 6:4 ಶುರುವಾಗುವುದೇ ಅದರಿಂದ. ತೀತ 2:12ರಲ್ಲಿ ಕೃಪೆ ನಮಗೆ ಬೋಧಿಸುತ್ತದೆ ಅನ್ನುವಲ್ಲಿ ಗ್ರೀಕ್ ಪದ ಮಗುವನ್ನು ತಿದ್ದಿ ಬೆಳೆಸುವುದಕ್ಕೆ ಬಳಸುವಂಥದ್ದು. ಸ್ಲೇಟಿನ ಮೇಲೆ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುತ್ತಾರಲ್ಲ, ಅದನ್ನು ಮಾಡಿ ತೋರಿಸಿ. ಬರೆಯುವುದು ಮಗುವಿನ ಕೈಯೇ. ಹಿಡಿದ ಕೈ ಬೇರೆ. ಜನ ಸಡಿಲಾಗುತ್ತಾರೆ ಅನ್ನುವ ನಿಮ್ಮ ಭಯಕ್ಕೆ ಉತ್ತರ ಈ ವಚನದಲ್ಲೇ ಇದೆ.

ಗಂಗಾವತಿಯಿಂದ

ಸಾಲ ಮನ್ನಾದ ಉದಾಹರಣೆ ಕೊಡೋ ಮುಂದ ಎರಡು ಸಲ ಯೋಚನೆ ಮಾಡ್ರಿ. 2018ರ ಬೆಳೆಸಾಲ ಮನ್ನಾ ನೆನಪಾಗಿ ಅರ್ಧ ಜನ ‘ನನಗ ಬರಲಿಲ್ಲ’ ಅಂತ ಗುಣುಗುಣು ಶುರು ಮಾಡ್ತಾರ, ಉಳಿದವ್ರು ಮುಂದಿನ ಮನ್ನಾಕ್ಕ ಕಾಯ್ತಾರ. (ಹುಡುಗರು ಅಡವ್ಯಾಗ ಇಸ್ರಾಯೇಲರಿಗೆ ಬಿದ್ದ ಮನ್ನಾ ಅನ್ನೋ ಆಹಾರಾನೂ ಇದ ಅಂತ ತಿಳ್ಕೊಂಡ್ರೂ ತಿಳ್ಕೊಂಡ್ರು.) ಹೇಳಬೇಕು ಅಂದ್ರ ಮತ್ತಾಯ 18ರ ಲೆಕ್ಕ ಹಾಕಿ ಹೇಳ್ರಿ: ಅರಸ ಆಳಿನ 10,000 ತಲಾಂತು ಸಾಲ ಬಿಟ್ಟ, ಆ ಆಳು ಜೊತೆಯವನ ಸಣ್ಣ ಸಾಲ ಬಿಡಲಿಲ್ಲ. ಒಂದು ತಲಾಂತು ಅಂದ್ರ ಸುಮಾರು 6,000 ದಿನದ ಕೂಲಿ. ಕೂಲಿ 400 ರೂಪಾಯಿ ಅಂತ ಹಿಡಿದ್ರ 10,000 ತಲಾಂತಿಗೆ 2,400 ಕೋಟಿ ಆಗ್ತೈತಿ. ಜೊತೆಯವನ ಸಾಲ ನೂರು ದಿನದ ಕೂಲಿ, 40,000. ಇದನ್ನ ಚಿಲ್ಲರೆ ಅಂತ ಹೇಳಿ ದಾಟಿಸೋದ ದೊಡ್ಡ ತಪ್ಪು. ಕೂಲಿ ಮಾಡೋರಿಗೆ ನಲವತ್ತು ಸಾವಿರ ಚಿಲ್ಲರೆ ಅಲ್ಲ, ಹೊಟ್ಟಿ ಮ್ಯಾಗಿನ ಹೊಡೆತ. ನೋವು ಖರೇ ಐತಿ ಅಂತ ಒಪ್ಪಿಕೊಂಡು, ಆಮ್ಯಾಲೆ ಆರು ಲಕ್ಷಕ್ಕ ಒಂದು ಅಂತ ತೂಗಿ ತೋರಿಸ್ರಿ. ಮನ್ನಾ ಮಾಡಿದ ಅರಸ ನಷ್ಟ ತಾನ ಹೊತ್ತ ಅನ್ನೋದನ್ನ ಬಿಡಬ್ಯಾಡ್ರಿ, ಶಿಲುಬೆಗೆ ದಾರಿ ಅಲ್ಲೇ ಐತಿ.

ಕೃಪೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನಂಗ ಅಂತ ಮಾತ್ರ ಹೇಳಬ್ಯಾಡ್ರಿ. ಸಿರವಾರ, ಮಾನ್ವಿ ಕಡೆ ಕೊನೆಭಾಗದ ರೈತರಿಗೆ ಅದು ಬಾರದ ನೀರು.

ಬಳ್ಳಾರಿಯಿಂದ, ಸ್ತ್ರೀಯರ ಕೂಟ ನಡೆಸುವವರು

ನಾವು ಮಾಡಬೇಕಾದ್ದಕ್ಕೆ ಕೊಪ್ಪಳದವರು ಇಟ್ಟ ಆ ಆರು ನಿಮಿಷದಲ್ಲಿ ಹತ್ತು ಪಾಪ ಎಣಿಸಬೇಡಿ. ಒಂದೇ ಒಂದು, ಮುಂದಿನ ಭಾನುವಾರದೊಳಗೆ ಮಾಡಬಹುದಾದದ್ದು: ಆಳಿನ ಕೂಲಿ ಅಂದೇ ಕೊಡುವುದು (ಯಾಜಕಕಾಂಡ 19:13, ಯಾಕೋಬ 5:4), ಮೆಣಸಿನಕಾಯಿ ತೂಕದಲ್ಲಿ ಮೋಸ ಮಾಡದಿರುವುದು (ಯಾಜಕಕಾಂಡ 19:36), ಮಗಳ ಮದುವೆ ಹದಿನೆಂಟರೊಳಗೆ ಮಾಡದಿರುವುದು. ಕುಡಿತ ಬಿಡಿ ಅಂತ ವೇದಿಕೆಯಿಂದ ಹೇಳಿದರೆ ಆ ಮನೆಯವರಿಗೆ ಅವಮಾನ ಅಷ್ಟೇ. ಅದಕ್ಕೆ ವಾರವಾರ ಕೂಡುವ ಚಿಕ್ಕ ಗುಂಪು ಬೇಕು. ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ 1740ರ ದಶಕದಲ್ಲಿ ಸುಮಾರು ಹನ್ನೆರಡು ಜನರ ಗುಂಪು ಮಾಡಿದ್ದು ಇಂಥದ್ದಕ್ಕೇ.

ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಅನ್ನುವ ಎಫೆಸ 5:22 ಮುಟ್ಟುವುದಾದರೆ 21ರಿಂದ ಓದಿ, ಗಂಡ ಹೆಂಡತಿಯನ್ನು ಪ್ರೀತಿಸಲಿ ಅನ್ನುವ 25ನ್ನು ಬಿಡಬೇಡಿ. ಹಳೆಯ ಹಸ್ತಪ್ರತಿಗಳಲ್ಲಿ 22ಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ, ‘ಒಬ್ಬರಿಗೊಬ್ಬರು’ ಅನ್ನುವ 21ರದ್ದನ್ನೇ ಎರವಲು ಪಡೆದಿದೆ. ಹೊಡೆತ ತಿನ್ನುವ ಹೆಣ್ಣುಮಗಳನ್ನು ‘ಕೃಪೆ ತೋರಿಸಮ್ಮ’ ಅಂತ ಮನೆಗೆ ವಾಪಸ್ ಕಳಿಸುವುದು ಪ್ರಸಂಗದ ತಪ್ಪಲ್ಲ, ಅಪರಾಧ. ಮಹಿಳಾ ಸಹಾಯವಾಣಿ 181 ಸಭೆಯ ಗೋಡೆಯ ಮೇಲಿರಲಿ.

ರಾಯಚೂರಿನಿಂದ

ಆರನೇ ವಾರಕ್ಕೆ ಮಾತ್ರ. ನೀತಿವಂತನಾಗುವುದು ನಂಬಿಕೆಯಿಂದ ಅಂತ ಪೌಲ, ಕ್ರಿಯೆಯಿಂದಲೂ ಅಂತ ಯಾಕೋಬ; ಇಬ್ಬರೂ ಆದಿಕಾಂಡ 15:6ನ್ನೇ ಎತ್ತುತ್ತಾರೆ. ಅಬ್ರಹಾಮನ ನಂಬಿಕೆ ಎಣಿಕೆಗೆ ಬಂದಾಗ ಸುನ್ನತಿ ಇನ್ನೂ ಆಗಿರಲಿಲ್ಲ, ಅದು 17ರಲ್ಲಿ. ಪೌಲನ ವಾದ ಅಷ್ಟೇ (ರೋಮಾ 4:10). ಯಾಕೋಬ ಹಿಡಿದದ್ದು 22ನೇ ಅಧ್ಯಾಯ, ಇಸಾಕನ ಬಲಿ, ಅದು ಎಷ್ಟೋ ವರ್ಷ ಆಮೇಲೆ. 15, 17, 22 ಅಂತ ಹಲಗೆಯ ಮೇಲೆ ಬರೆದರೆ ಜಗಳವೇ ಉಳಿಯುವುದಿಲ್ಲ.

ಮತ್ತೆ ಸಿಂಧನೂರಿನಿಂದ

ಪಾಲು ಮಾಡಿದ್ದನ್ನು ಬಿಟ್ಟೆ. ಕೃಪಾಂಕ, ಕೇಳು, ತಿದ್ದಿಸು, ಇವು ತೆಲುಗಿಗೆ ಹೋಗುತ್ತವೆಯೇ?

ಮಾನ್ವಿಯಿಂದ

ಕೃಪಾಂಕ ಹೋಗುವುದಿಲ್ಲ, ಅಲ್ಲಿ ಗ್ರೇಸ್ ಮಾರ್ಕು ಅನ್ನಿ. ‘ಮಾಟ ವಿನು’ ಅಂದರೂ ಮಾತು ಕೇಳು ಎಂಬ ಎರಡೂ ಅರ್ಥ ಬರುತ್ತದೆ. ಅಕ್ಷರ ‘ದಿದ್ದಿಂಚು’ ಅಂದರೆ ತಿದ್ದಿಸುವುದೇ. ಶನಿವಾರ ಸಂಜೆಯೇ ಈ ಮೂರು ಪದ, ವಚನಗಳ ಪಟ್ಟಿ ಅನುವಾದಕರ ಕೈಗೆ ಕೊಡಿ, ವಾಕ್ಯ ಹತ್ತು ಪದ ದಾಟದಿರಲಿ.