ಮರು: ‘ಬೈಸ್ಲ್’, ‘ಹೊಯ್ರಿಗರ್’ ಇವುಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

> ವಿಯೆನ್ನಾದ ಊಟ–ಪಾನದ ಜಾಗಗಳನ್ನು ಕುರಿತ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಗಾಸ್ಟ್‌ಹೌಸ್, ಬೈಸ್ಲ್, ಹೊಯ್ರಿಗರ್, ವ್ಯುರ್ಸ್ಟೆಲ್‌ಷ್ಟಾಂಡ್ ಈ ನಾಲ್ಕಕ್ಕೂ ಸದ್ಯಕ್ಕೆ ‘ಉಪಹಾರಗೃಹ’ ಎಂದು ಹಾಕಿದ್ದೇನೆ. ಶುಕ್ರವಾರ ಕರಡು ಅಚ್ಚಿಗೆ ಹೋಗಬೇಕು.

>> ‘ಅತಿಥಿಗೃಹ’, ‘ಪಾನಗೃಹ’ ಎಂದರೆ ಸಾಕು. ‘ಖಾನಾವಳಿ’ ಪಾರಸಿ ಪದ, ಅದು ಬೇಡ.

ಮಾನ್ಯರೆ,

ಮೊದಲು ಕಾಗುಣಿತ. ‘ಉಪಹಾರ’ವೆಂದರೆ ಕಾಣಿಕೆ; ತಿಂಡಿಗೆ ‘ಉಪಾಹಾರ’ ಎಂದೇ ಬರೆಯಬೇಕು. ಅದನ್ನು ತಿದ್ದಿದರೂ ಪದ ಇಲ್ಲಿ ನಿಲ್ಲುವುದಿಲ್ಲ. ಉಪಾಹಾರವು ಹಗುರಾದದ್ದು. ವಿಯೆನ್ನಾದ ಜನ ಬೈಸ್ಲಿನಲ್ಲಿ ಕುಳಿತು ಉಣ್ಣುವುದು ಗೂಲಾಷ್, ಬೇಯಿಸಿದ ದನದ ಮಾಂಸದ ಟಾಫೆಲ್‌ಷ್ಪಿಟ್ಸ್, ಕರಿದ ಷ್ನಿಟ್ಸೆಲ್. ಇವು ಹೊಟ್ಟೆ ತುಂಬುವ ಊಟಗಳು.

ಎರಡನೆಯ ಮಿತ್ರರು ಸೂಚಿಸಿದ ‘ಅತಿಥಿಗೃಹ’ವನ್ನು ದಯವಿಟ್ಟು ಬಳಸಬೇಡಿ. ಗಾಸ್ಟ್ ಎಂದರೆ ಅತಿಥಿ, ಹೌಸ್ ಎಂದರೆ ಮನೆ ಎಂಬುದು ನಿಜ. ಆದರೆ ಕನ್ನಡದ ಓದುಗರಿಗೆ ಅತಿಥಿಗೃಹವೆಂದರೆ ಕೊಠಡಿ ಕಾದಿರಿಸುವ ಸರ್ಕಾರಿ ಬಂಗಲೆ. ಈ ಕೈಪಿಡಿಯನ್ನು ನಂಬಿ ಹೊರಟವರು ಊಟದ ಜಾಗಕ್ಕೆ ಹಾಸಿಗೆ ಹುಡುಕಿಕೊಂಡು ಹೋದಾರು. ನಮ್ಮ ಮಾತಿನಲ್ಲಿ ಊಟಕ್ಕೆ ಹೋಟೆಲ್, ಉಳಿಯುವುದಕ್ಕೆ ಲಾಡ್ಜ್. ವಿಯೆನ್ನಾದ ಬೀದಿಯಲ್ಲಿ ‘ಹೋಟೆಲ್’ ಎಂಬ ಫಲಕ ಉಳಿಯುವ ಜಾಗವನ್ನೇ ಸೂಚಿಸುವುದರಿಂದ, ಗಾಸ್ಟ್‌ಹೌಸಿಗೆ ‘ಊಟದ ಹೋಟೆಲ್’ ಎಂದು ಬಿಡಿಸಿ ಬರೆಯುವುದು ಕ್ಷೇಮ.

ಇನ್ನು ‘ಖಾನಾವಳಿ’. ಅದು ಪಾರಸಿಯಲ್ಲ. ಕಾರ್ಖಾನೆ, ದವಾಖಾನೆಗಳ ಕೊನೆಯಲ್ಲಿರುವ ‘ಖಾನೆ’ ಪಾರಸಿಯದು, ಅದಕ್ಕೆ ಮನೆ ಎಂಬ ಅರ್ಥ. ಅದು ಪದದ ಉತ್ತರಾರ್ಧದಲ್ಲಿ ನಿಲ್ಲುತ್ತದೆ. ಖಾನಾವಳಿಯಾದರೋ ಮರಾಠಿಯ ‘ಖಾಣಾವಳ’. ಅದರ ಮೊದಲಲ್ಲಿರುವುದು ತಿನ್ನು ಎಂಬರ್ಥದ ಕ್ರಿಯಾಪದ, ಅದರ ಮೂಲ ಸಂಸ್ಕೃತದ ‘ಖಾದ್’ ಧಾತು. ‘ಗೃಹ’ವನ್ನು ಸಂಸ್ಕೃತದಿಂದ ನೇರವಾಗಿ ತಂದುಕೊಳ್ಳಲು ಒಪ್ಪುವವರು, ಅದೇ ಸಂಸ್ಕೃತದಿಂದ ಮರಾಠಿಯ ದಾರಿಯಾಗಿ ಬಂದು ಹುಬ್ಬಳ್ಳಿ–ಧಾರವಾಡದ ಬೀದಿಗಳಲ್ಲಿ ದಿನವೂ ಬಳಕೆಯಲ್ಲಿರುವ ಪದವನ್ನು ಹೊರಗಿಡುವುದು ಯಾವ ನ್ಯಾಯ? ಅದು ಪಾರಸಿಯೇ ಆಗಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ.

‘ಬೈಸ್ಲ್’ ಪದದ ಸಾಮಾನ್ಯವಾಗಿ ಒಪ್ಪಿತವಾದ ವ್ಯುತ್ಪತ್ತಿಯೂ ಮನೆಯನ್ನೇ ಮುಟ್ಟುತ್ತದೆ. ಹೀಬ್ರೂ ಭಾಷೆಯ ‘ಬಯಿತ್’, ಅಂದರೆ ಮನೆ, ಯಿಡ್ಡಿಷ್ ಮೂಲಕ ವಿಯೆನ್ನಾಕ್ಕೆ ಬಂದು, ಅಲ್ಲಿನ ಆಡುಮಾತಿನ ಅಲ್ಪಾರ್ಥಕ ಪ್ರತ್ಯಯವಾದ ‘ಲ್’ ಸೇರಿಸಿಕೊಂಡು ‘ಪುಟ್ಟ ಮನೆ’ಯಾಯಿತು. ಒಂದು ಕಾಲಕ್ಕೆ ತುಸು ಕೀಳಾಗಿ ಬಳಕೆಯಾಗುತ್ತಿದ್ದ ಈ ಹೆಸರನ್ನು ಇಂದು ದುಬಾರಿ ರೆಸ್ಟೋರೆಂಟುಗಳೂ ಹೆಮ್ಮೆಯಿಂದ ಇಟ್ಟುಕೊಳ್ಳುತ್ತವೆ. ಮರದ ಮೇಜು, ಮನೆಯ ಅಡುಗೆ, ದಿನವೂ ಬರುವ ಗಿರಾಕಿಗಳು ಇರುವುದರಿಂದ ಖಾನಾವಳಿ ಇದಕ್ಕೆ ಹತ್ತಿರದ ಪದ. ಮಾಂಸದ ಅಡುಗೆಯನ್ನು ನೆನೆದರೆ ಸಾವಜಿ ಖಾನಾವಳಿ ಇನ್ನೂ ಹತ್ತಿರ. ಆದರೆ ಬಿಯರು–ವೈನು ಇಲ್ಲದೆ ಬೈಸ್ಲ್ ಇಲ್ಲ, ಖಾನಾವಳಿಯ ಚಿತ್ರದಲ್ಲಿ ಅವು ಇಲ್ಲ. ಆದ್ದರಿಂದ ‘ಬೈಸ್ಲ್’ ಪದವನ್ನೇ ಉಳಿಸಿ, ಮೊದಲ ಸಲ ಬಂದಾಗ ‘ಬಿಯರು, ವೈನು ಸಿಗುವ ಖಾನಾವಳಿ’ ಎಂದು ವಿವರಿಸಿ.

‘ಪಾನಗೃಹ’ವಂತೂ ಹೊಯ್ರಿಗರ್‌ಗೆ ಮಾಡುವ ಅನ್ಯಾಯ. ‘ಹೊಯರ್’ ಎಂದರೆ ಆ ಸೀಮೆಯ ಜರ್ಮನ್ನಿನಲ್ಲಿ ಈ ವರ್ಷ. ಈ ವರ್ಷದ ಹೊಸ ವೈನಿಗೂ, ದ್ರಾಕ್ಷಿ ಬೆಳೆದವರೇ ಅದನ್ನು ಮಾರುವ ಜಾಗಕ್ಕೂ ಹೊಯ್ರಿಗರ್ ಎಂಬುದೊಂದೇ ಹೆಸರು. ತಾವೇ ಬೆಳೆದ, ತಾವೇ ಮಾಡಿದ ವೈನು ಮತ್ತು ತಿನಿಸುಗಳನ್ನು ಮಾರಲು ಜನರಿಗೆ ಅನುಮತಿ ಕೊಟ್ಟದ್ದು ಚಕ್ರವರ್ತಿ ಎರಡನೆಯ ಜೋಸೆಫನ 1784ರ ಆಗಸ್ಟ್ 17ರ ಆಜ್ಞೆ. ಗ್ರಿನ್ಸಿಂಗ್, ಸ್ಟಾಮ್ಮರ್ಸ್‌ಡೋರ್ಫ್ ಮೊದಲಾದ, ಒಮ್ಮೆ ಹಳ್ಳಿಗಳಾಗಿದ್ದು ಈಗ ನಗರದೊಳಗೆ ಸೇರಿರುವ ಕಡೆಗಳಲ್ಲಿ ಇಂಥ ಜಾಗಗಳು ಇಂದಿಗೂ ನಡೆಯುತ್ತಿವೆ. ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದಂದು ಹಿಂದಿನ ವರ್ಷದ ವೈನು ಆ ಹೆಸರನ್ನು ಹೊಸದಕ್ಕೆ ಬಿಟ್ಟುಕೊಡುವುದು ರೂಢಿ. ಬೆಳೆ, ಋತು, ಅಂಗಳದ ಬೆಂಚು ಇಷ್ಟೂ ಅಡಗಿರುವ ಪದವನ್ನು ‘ಪಾನಗೃಹ’ ನುಂಗಿಬಿಡುತ್ತದೆ. ನನ್ನ ಸಲಹೆ ‘ಹೊಸವೈನಿನ ಅಂಗಳ’. ‘ದ್ರಾಕ್ಷಾರಸ’ಕ್ಕೆ ಕನ್ನಡ ಬೈಬಲ್ಲಿನ ಬಲವಿದೆ, ನನಗೂ ಅದು ಪ್ರಿಯವಾದ ಪದ. ಆದರೆ ಅದೇ ಅಂಗಳದಲ್ಲಿ ಹುಳಿಯದ ದ್ರಾಕ್ಷಿರಸವೂ, ಶರತ್ಕಾಲದಲ್ಲಿ ಅರೆ ಹುಳಿತ ‘ಷ್ಟುರ್ಮ್’ ಎಂಬ ಪಾನೀಯವೂ ಸಿಗುವಾಗ ಮೂರಕ್ಕೂ ರಸವೆಂದರೆ ಗಿರಾಕಿಗೆ ತನ್ನ ಲೋಟದಲ್ಲಿ ಏನಿದೆ ಎಂದು ತಿಳಿಯದು. ‘ವೈನ್’ ಎಂದೇ ಬರೆಯಿರಿ.

ವ್ಯುರ್ಸ್ಟೆಲ್‌ಷ್ಟಾಂಡ್ ಎಂದರೆ ಬೀದಿಬದಿಯಲ್ಲಿ ನಿಂತು ಸಾಸೇಜು ತಿನ್ನುವ ಪುಟ್ಟ ಮಳಿಗೆ. ಅದು ‘ಗೂಡಂಗಡಿ’. ಚರ್ಚೆಯೇ ಬೇಕಿಲ್ಲ.

ಎರವಲಿನ ಮಾತು ಎದ್ದಿರುವುದರಿಂದ ಒಂದು ಉದಾಹರಣೆ ಹೇಳುತ್ತೇನೆ. ತಮ್ಮ ಕೈಪಿಡಿಯ ಸಿಹಿತಿನಿಸುಗಳಲ್ಲಿ ‘ಪಲಾಟ್‌ಷಿಂಕನ್’ ಇದ್ದೇ ಇರುತ್ತದೆ: ಮೈದಾ, ಹಾಲು, ಮೊಟ್ಟೆ ಕಲಸಿ ತೆಳ್ಳಗೆ ಹುಯ್ದು, ಜಾಮ್ ಸವರಿ ಸುತ್ತಿದ್ದು. ಲ್ಯಾಟಿನ್ನಿನಲ್ಲಿ ಒಂದು ಬಗೆಯ ಚಪ್ಪಟೆ ಕೇಕಿಗಿದ್ದ ಹೆಸರು ರೊಮೇನಿಯನ್, ಹಂಗೇರಿಯನ್, ಚೆಕ್ ನಾಲಗೆಗಳ ಮೇಲೆ ಹಾದು ವಿಯೆನ್ನಾ ಮುಟ್ಟಿತು, ಪ್ರತಿ ಊರೂ ಅದನ್ನು ತನ್ನ ಉಚ್ಚಾರಣೆಗೆ ಒಗ್ಗಿಸಿಕೊಂಡಿತು. ಇಷ್ಟು ದೂರ ನಡೆದು ಬಂದ ಪದವನ್ನು ನಾವು ‘ಸಿಹಿದೋಸೆ’ ಮಾಡಿ ನಿಲ್ಲಿಸುವುದು ತರವಲ್ಲ; ದೋಸೆಗೆ ಸಾಮಾನ್ಯವಾಗಿ ಹುದುಗು ಬೇಕು, ಇದಕ್ಕೆ ಬೇಡ. ಕೈಪಿಡಿಯಲ್ಲಿ ‘ಪಬ್’ ಬಂದರೆ ಅದೂ ಹಾಗೆಯೇ ಇರಲಿ, ಬೆಂಗಳೂರಿನ ಓದುಗರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ‘ಅಂತಾರಾಷ್ಟ್ರೀಯ ಆಹಾರ’ ಎಂದು ಬರೆಯಬೇಕೆನಿಸಿದಲ್ಲಿ ಅದರ ಬದಲು ‘ನಾನಾ ದೇಶಗಳ ಅಡುಗೆ’ ಎಂದರೆ ಓದಲು ಹಿತ.

ಕೊನೆಗೆ ತಾವು ಕೇಳದ, ಆದರೆ ಅನುವಾದದಲ್ಲಿ ಬಂದೇ ಬರುವ ಒಂದು ಫಲಕ. ವೈನು ಮಾರಾಟಕ್ಕಿರುವ ದಿನಗಳಲ್ಲಿ ಹೊಯ್ರಿಗರ್‌ನ ಬಾಗಿಲ ಮೇಲೆ ಪೈನ್ ಅಥವಾ ಫರ್ ಮರದ ರೆಂಬೆಗಳ ಗೊಂಚಲು ತೂಗುತ್ತದೆ. ‘ಔಸ್‌ಗ್‌ಷ್ಟೆಕ್ಟ್’ ಎಂಬ ಹಲಗೆ ಅದನ್ನೇ ಹೇಳುತ್ತದೆ. ಅದಕ್ಕೆ ‘ತೆರೆದಿದೆ’ ಎಂದು ಬರೆಯದೆ ‘ಸೊಪ್ಪು ಕಟ್ಟಿದೆ’ ಎಂದು ಬರೆದು, ಕೆಳಗೆ ಒಂದು ಸಾಲಿನ ಟಿಪ್ಪಣಿ ಕೊಡಿ.