ಹಠ ಇದ್ರೆ ಸಾಕಾ? ಮನೆ ಗ್ರೂಪಿನ ಭಾನುವಾರದ ಜಗಳ

ಹಾಸನ ದೊಡ್ಡಪ್ಪ: (ಫಾರ್ವರ್ಡ್) ಗೊರೂರಿನ ಮೇಷ್ಟ್ರ ಮಗ ಕ್ಯಾಪ್ಟನ್ ಗೋಪಿನಾಥ್. ಸೈನ್ಯ ಬಿಟ್ಟು ರೇಷ್ಮೆ ಬೆಳೆದರು. ಪೆಟ್ಟು ತಿಂದರು. ಬಿಡಲಿಲ್ಲ. 2003ರಲ್ಲಿ ಏರ್ ಡೆಕ್ಕನ್ ಎಂಬ ವಿಮಾನ ಕಂಪನಿಯನ್ನೇ ಕಟ್ಟಿದರು! ಛಲ ಇದ್ದವನಿಗೆ ಸೋಲಿಲ್ಲ 🙏 ಹತ್ತು ಜನಕ್ಕೆ ಕಳಿಸಿ.

ಹಾಸನ ದೊಡ್ಡಪ್ಪ: ಮನೆ ಹುಡುಗ್ರು ಓದ್ಬೇಕು. ಅರ್ಧಕ್ಕೆ ಕೈ ಬಿಡೋರು ಎರಡು ಸಲ ಓದ್ಬೇಕು.

ಮೈಸೂರು ಅತ್ತೆ: ಶುಭೋದಯ 🌹🌹

ಪುಟ್ಟ: ದೊಡ್ಡಪ್ಪ, ನನಗೇ ಅಂತ ಗೊತ್ತಾಯ್ತು. ಹೆಸರು ಹಾಕಿಬಿಡಿ, ಪರವಾಗಿಲ್ಲ.

ಹಾಸನ ದೊಡ್ಡಪ್ಪ: ಹಂಗಲ್ಲ ಕಣೋ. ಇನ್ನೊಂದು ವರ್ಷ ತಡ್ಕೊಂಡಿದ್ರೆ ಆ ಮೆಸ್ಸು ಇವತ್ತು ಚೆನ್ನಾಗಿ ನಡೀತಿತ್ತು.

ಪುಟ್ಟ: 2020ರ ಜನವರೀಲಿ ಬಾಗಿಲು ತೆಗೆದೆ. ಮಾರ್ಚಲ್ಲಿ ಎದುರುಗಡೆ ಕಾಲೇಜೇ ಮುಚ್ತು. ಹುಡುಗ್ರು ಊರಿಗೆ ಹೋದ್ರು, ಬಾಡಿಗೆ ಹೋಗ್ಲಿಲ್ಲ. ಗ್ರೈಂಡರ್ ಮಾರಿ ಅಡುಗೆಯವರ ಸಂಬಳ ಕೊಟ್ಟೆ. ಖಾಲಿ ಬೆಂಚಿಗೆ ಛಲ ಬಡಿಸ್ಲಾ?

ದುಬೈ ಅಕ್ಕ: ದೊಡ್ಡಪ್ಪ, ನಿಮ್ಮ ಫಾರ್ವರ್ಡು ಮಧ್ಯದಲ್ಲೇ ನಿಂತಿದೆ. ಅದೇ ಕ್ಯಾಪ್ಟನ್ನು, ಅದೇ ಛಲ. ಆಮೇಲೆ ಡೆಕ್ಕನ್ 360 ಅಂತ ಕಾರ್ಗೋ ಕಂಪನಿ ಮಾಡಿದ್ರು, ನಿಂತೋಯ್ತು. 2009ರಲ್ಲಿ ಬೆಂಗಳೂರು ದಕ್ಷಿಣಕ್ಕೆ ನಿಂತ್ರು, ಸೋತ್ರು. ಏರ್ ಡೆಕ್ಕನ್ನೇ ಕೊನೆಗೆ ಮಲ್ಯ ಪಾಲಾಯ್ತು. ಛಲ ಏನು 2003ರಲ್ಲಿ ಮಾತ್ರ ಇತ್ತಾ?

ಮೈಸೂರು ಅತ್ತೆ: ನಾನು ಮೊದಲು ವಿಮಾನ ಹತ್ತಿದ್ದೇ ಅದ್ರಲ್ಲಿ. ಒಳಗೆ ಊಟ ಕೊಡಲ್ಲ ಅಂತ ಚಪಾತಿ ಕಟ್ಕೊಂಡು ಹೋಗಿದ್ವಿ.

ದುಬೈ ಅಕ್ಕ: ಮತ್ತೆ ಕೇಳಿ. 1953ರ ಕಾನೂನು 1994ರಲ್ಲಿ ರದ್ದಾಗೋವರೆಗೂ ಟೈಮ್‌ಟೇಬಲ್ ಹಾಕಿ ವಿಮಾನ ಓಡಿಸೋದು ಸರ್ಕಾರದ ಕೆಲಸ. ಹತ್ತು ವರ್ಷ ಮುಂಚೆ ಹುಟ್ಟಿ, ಹತ್ತು ವರ್ಷ ಮುಂಚೆ ಹಠ ಹಿಡಿದಿದ್ರೆ ಅರ್ಜಿ ಹಿಡ್ಕೊಂಡು ದೆಹಲೀಲಿ ಕೂತಿರೋರು. ಇನ್ನೊಂದು: 2003ರ ಆಗಸ್ಟಲ್ಲಿ ಬೆಂಗಳೂರು–ಹುಬ್ಬಳ್ಳಿ ಶುರುವಾಯ್ತು. ಮುಂದಿನ ತಿಂಗಳೇ ಹೈದರಾಬಾದಲ್ಲಿ ವಿಜಯವಾಡಕ್ಕೆ ಹೊರಟ ವಿಮಾನಕ್ಕೆ ಬೆಂಕಿ. ಒಳಗೆ ವೆಂಕಯ್ಯ ನಾಯ್ಡು! ನೆಲದ ಮೇಲೇ ಇದ್ದದ್ದಕ್ಕೆ ಎಲ್ಲರೂ ಬಚಾವ್. ಮೇಲೆ ಹೋದ ಮೇಲೆ ಆಗಿದ್ರೆ ಈ ಫಾರ್ವರ್ಡು ಇರ್ತಿತ್ತಾ?

ಹಾಸನ ದೊಡ್ಡಪ್ಪ: ಅದೃಷ್ಟ ಅದೃಷ್ಟ ಅಂತ ಕೂತಿದ್ರೆ ಜಾವಗಲ್ ಬೋರೇಲಿ ತೆಂಗು ಏಳ್ತಿತ್ತೇನಮ್ಮ? ಹೇಮಾವತಿ ಅಣೆಕಟ್ಟೆಗೆ ಕ್ಯಾಪ್ಟನ್ ಜಮೀನು ಮುಳುಗ್ತು, ನಮ್ದೂ ಮುಳುಗ್ತು. ಅವರಿಗೂ ಬದಲಿ ಜಮೀನು ಸಿಕ್ತು, ನಮಗೂ ಸಿಕ್ತು. ಅವರು ಜಾವಗಲ್‌ಗೆ ಹೋಗಿ ಟೆಂಟ್ ಹಾಕಿ ಕೂತ್ರು. ನಮ್ಮಪ್ಪ ಆ ಜಾಗ ನೋಡೋಕೂ ಹೋಗ್ದೆ ಬಂದ ರೇಟಿಗೆ ಕೊಟ್ಬಿಟ್ರು. ಇದಕ್ಕೆ ಯಾವ ಕಾನೂನು ಅಡ್ಡ ಬಂತು? ಅವರು ಬೆಳೆದ ರೇಷ್ಮೆಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಸುಮ್ನೆ ಬರಲ್ಲ.

ದುಬೈ ಅಕ್ಕ: ಟೆಂಟ್ ವಿಷಯ ಒಪ್ತೀನಿ. ಅದು ಎಲ್ಲರ ಕೈಲಿ ಆಗೋದಲ್ಲ.

ಅರಸೀಕೆರೆ ಚಿಕ್ಕಪ್ಪ: ಅಣ್ಣ, ಒಂದು ಮಾತು. ಅಪ್ಪ ಆ ಜಮೀನು ಕೊಟ್ಟಿದ್ದು ಛಲ ಇಲ್ದೆ ಅಲ್ಲ. ನಿನ್ನ ಇಂಜಿನಿಯರಿಂಗ್ ಫೀಸಿಗೆ. ಕ್ಯಾಪ್ಟನ್ ಆಗ ಮೂವತ್ತು ತುಂಬಿರದ, ಮದುವೆ ಆಗಿರದ ಹುಡುಗ. ಅಪ್ಪಂಗೆ ನಾವು ಐದು ಜನ. ಟೆಂಟಲ್ಲಿ ಎಲ್ರನ್ನೂ ಮಲಗಿಸ್ಬೇಕಿತ್ತಾ?

ಮೈಸೂರು ಅತ್ತೆ: ನನ್ನ ಮದುವೆ ಬಳೆನೂ ಅದೇ ದುಡ್ಡಲ್ಲಿ ಮಾಡ್ಸಿದ್ದು.

ಪುಟ್ಟ: ನಾನು ಹೇಳ್ತಿರೋದೂ ಅದೇ ಚಿಕ್ಕಪ್ಪ. ಇನ್ನೊಂದು ವರ್ಷ ತಡ್ಕೊಳೋಕೆ ಆ ವರ್ಷದ ಬಾಡಿಗೆ ಕೈಲಿರ್ಬೇಕು. ಮನೇಲಿ ದುಡ್ಡಿರೋ ನನ್ನ ಫ್ರೆಂಡು ಲಾಕ್‌ಡೌನ್ ಪೂರ್ತಿ ಬೀಗ ಹಾಕ್ಕೊಂಡು ಕೂತ, ಈಗ ಅವನದು ಓಡ್ತಿದೆ. ಅವನಿಗೆ ನನಗಿಂತ ಛಲ ಜಾಸ್ತಿ ಅಂತ ನಾನಂತೂ ಒಪ್ಪಲ್ಲ.

ಅರಸೀಕೆರೆ ಚಿಕ್ಕಪ್ಪ: 👍

ಹಾಸನ ದೊಡ್ಡಪ್ಪ: ಫೀಸ್ ವಿಷಯ ಇವತ್ತಿನವರೆಗೂ ಯಾರೂ ನನಗೆ ಹೇಳಿರ್ಲಿಲ್ಲ.

ಅರಸೀಕೆರೆ ಚಿಕ್ಕಪ್ಪ: ಅಪ್ಪ ಹೇಳ್ಬೇಡ ಅಂದಿದ್ರು.

ಮೈಸೂರು ಅತ್ತೆ: ಬಿಡ್ರಪ್ಪ, ತಿಂಡಿ ಆಯ್ತಾ ಎಲ್ರದ್ದೂ?

ಹಾಸನ ದೊಡ್ಡಪ್ಪ: ಪುಟ್ಟ, ನಮ್ಮನೆ ಮುಂದಿನ ಮಳಿಗೆ ಜೆರಾಕ್ಸ್‌ನವರು ಮುಂದಿನ ತಿಂಗಳು ಬಿಡ್ತಾರೆ. ಬಸ್‌ಸ್ಟ್ಯಾಂಡ್ ಹತ್ರ. ಬೆಳಿಗ್ಗೆ ತಿಂಡಿಗೆ ಜನ ಇದ್ದಾರೆ. ಆರು ತಿಂಗಳು ಬಾಡಿಗೆ ಬೇಡ.

ಪುಟ್ಟ: ಒಂದು ವರ್ಷ ಮಾಡಿ ದೊಡ್ಡಪ್ಪ.

ಹಾಸನ ದೊಡ್ಡಪ್ಪ: ಎಂಟು. ಕರೆಂಟ್ ಬಿಲ್ ನಿಂದು. ಮಿಕ್ಕಿದ್ದು ಫೋನಲ್ಲಿ ಮಾತಾಡು, ಇಲ್ಲಿ ಬೇಡ.