ಜಿಪ್ಸಂ ಬೋರ್ಡ್ ಗೋಡೆಗೆ ಟರ್ನ್‌ಟೇಬಲ್ ಶೆಲ್ಫ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಈಗ ಸ್ಟ್ಯಾಂಡ್ ಮೇಲಿದೆ. ನೆಲ ಮರದ್ದು. ಪಕ್ಕದಲ್ಲಿ ಯಾರಾದರೂ ಓಡಾಡಿದರೆ ಸಾಕು, ಸೂಜಿ ಹಾರುತ್ತದೆ. ಸ್ಟ್ಯಾಂಡ್ ಕೆಳಗೆ ರಬ್ಬರ್ ಪ್ಯಾಡ್ ಇಟ್ಟು ನೋಡಿದೆ, ಪ್ರಯೋಜನ ಆಗಲಿಲ್ಲ. ಅದಕ್ಕೇ ಗೋಡೆಗೆ ಶೆಲ್ಫ್ ಹಾಕಬೇಕು ಅಂತಿದ್ದೇನೆ. ಟರ್ನ್‌ಟೇಬಲ್, ಶೆಲ್ಫ್ ಎರಡೂ ಸೇರಿ ಸುಮಾರು 25 ಕೆಜಿ.

ಗೋಡೆ 12.5 ಮಿ.ಮೀ. ಜಿಪ್ಸಂ ಬೋರ್ಡ್, ಹಿಂದೆ ಮರದ ಸ್ಟಡ್ (ಬೋರ್ಡ್ ಹಿಡಿದಿರುವ ನೇರ ಕಂಬ). ಅಯಸ್ಕಾಂತ ಆಡಿಸಿ ಸ್ಕ್ರೂ ಸಾಲು ಹುಡುಕಿದೆ. ಸಣ್ಣ ತೂತು ಕೊರೆದು ಮರ ಇರುವುದನ್ನು ಖಾತ್ರಿ ಮಾಡಿಕೊಂಡೆ. ಸ್ಟಡ್‌ಗಳ ಅಂತರ ಮಧ್ಯದಿಂದ ಮಧ್ಯಕ್ಕೆ 600 ಮಿ.ಮೀ. ಆದರೆ ಶೆಲ್ಫ್‌ನ ತೂತುಗಳ ಅಂತರ 450. ಒಂದು ಬದಿ ಸ್ಟಡ್‌ಗೆ ಸಿಕ್ಕರೆ ಇನ್ನೊಂದು ಬರೀ ಬೋರ್ಡ್ ಮೇಲೆ ಬರುತ್ತದೆ. ಅಲ್ಲಿ ಟಾಗಲ್ ಬೋಲ್ಟ್ (ಬೋರ್ಡ್ ಹಿಂದೆ ರೆಕ್ಕೆ ಬಿಚ್ಚಿ ಹಿಡಿದುಕೊಳ್ಳುವ ಬೋಲ್ಟ್) ಹಾಕು ಅನ್ನುತ್ತಾರೆ. ಆದರೆ ಶೆಲ್ಫ್ ಮುಂದಕ್ಕೆ ಚಾಚಿರುವುದರಿಂದ ಮೇಲಿನ ಬೋಲ್ಟನ್ನು ಹೊರಕ್ಕೆ ಎಳೆಯುತ್ತಲೇ ಇರುತ್ತದೆ, ಅಲ್ವಾ? ಬೋರ್ಡ್ ಅದನ್ನು ವರ್ಷಗಟ್ಟಲೆ ತಡೆಯುತ್ತದೆ ಅಂತ ನನಗೆ ನಂಬಿಕೆ ಬರುತ್ತಿಲ್ಲ. ಬೋರ್ಡ್ ಅದುರಿದರೆ ಸದ್ದೂ ಕೆಡುತ್ತದೆ.

ಎರಡೂ ಸ್ಟಡ್‌ಗೆ ಸೇರುವಂತೆ 18 ಮಿ.ಮೀ. ಪ್ಲೈವುಡ್ ಹಲಗೆ ಕೂರಿಸಿ, ಅದರ ಮೇಲೆ ಶೆಲ್ಫ್ ಹಾಕುವ ಯೋಚನೆ ಇದೆ. ಹೀಗೆ ಮಾಡಿದವರು ಯಾರಾದರೂ ಇದ್ದೀರಾ? 18 ಮಿ.ಮೀ. ಸಾಕಾ? ಸ್ಕ್ರೂ ಮರದೊಳಗೆ ಎಷ್ಟು ಆಳ ಹೋಗಬೇಕು?